ಆಣೆ ಇಲ್ಲದ ರಾಜಿ

ರಾಜಿ ಎಂಬ ಮಾತನ್ನು ನಾನು ನಂಬುವವಳಲ್ಲ. ಅಪ್ಪ ಇದ್ದ ಕಾಲದಲ್ಲಿ ಶಿರೂರಿನ ನಮ್ಮ ದಡದಲ್ಲಿ ಟ್ರಾಲ್ ಬೋಟಿನವರಿಗೂ ಸಣ್ಣ ದೋಣಿಯವರಿಗೂ ರಾಜಿಯಾಗಿತ್ತು. ಬೋಟುಗಳು ದಡದ ಹತ್ತಿರ ಬರಬಾರದು ಎಂದು ದೊಡ್ಡವರೆಲ್ಲ ಸಹಿ ಹಾಕಿ, ಚಾ ಕುಡಿದು ಎದ್ದರು. ಮಳೆಗಾಲ ಮುಗಿದು ಮೀನುಗಾರಿಕೆ ಶುರುವಾಗುತ್ತಲೇ ಅಪ್ಪನ ಬಲೆಯನ್ನು ಬೋಟೊಂದು ಹರಿದುಕೊಂಡು ಹೋಯಿತು. ದೈವದ ಮುಂದೆ ಆಣೆ ಹಾಕಿಸಬೇಕಿತ್ತು, ಬರೀ ಸಹಿಗೆ ಎಂತ ಬೆಲೆ ಎಂದು ಅಪ್ಪ ಸಾಯುವವರೆಗೂ ಹೇಳುತ್ತಿದ್ದ. ನಾನು ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಕಲಿತದ್ದು ಇಂಥದ್ದನ್ನೇ.

ನನ್ನ ತಮ್ಮ 1997ರಲ್ಲಿ ಬೊಂಬಾಯಿಯ ಹೋಟೆಲು ಬಿಟ್ಟು ಸುಡಾನಿಗೆ ಅಡುಗೆ ಕೆಲಸಕ್ಕೆ ಹೋದ. ಅಲ್ಲಿ ಉತ್ತರದವರಿಗೂ ದಕ್ಷಿಣದವರಿಗೂ ಎಷ್ಟೋ ವರ್ಷಗಳಿಂದ ಯುದ್ಧ. ತಮ್ಮ ಇದ್ದದ್ದು ಉತ್ತರದಲ್ಲಿ. ಅವನ ಜೊತೆ ಪಾತ್ರೆ ತೊಳೆಯುತ್ತಿದ್ದವನು ದಕ್ಷಿಣದಿಂದ ಜೀವ ಉಳಿಸಿಕೊಂಡು ಓಡಿ ಬಂದವನು. ಇಬ್ಬರಿಗೂ ಒಂದೇ ಕೋಣೆ, ಒಂದೇ ಚಾಪೆ.

ಅಲ್ಲಿ ಶುಕ್ರವಾರ ರಜೆ. ಅವತ್ತು ಪಕ್ಕದ ಮನೆಗೆ ತಮ್ಮನ ಫೋನು ಬರುತ್ತಿತ್ತು. ಒಮ್ಮೆ ಆ ಗೆಳೆಯನೇ, ತಮ್ಮ ಕಲಿಸಿದ ಕನ್ನಡದಲ್ಲಿ, ಮಾತಾಡಿದ. "ಅಕ್ಕ, ಊಟ ಆಯ್ತಾ?" ಎಂದು ಕೇಳಿದ. ನನಗೆ ಸಂತೋಷವಾಗಲಿಲ್ಲ. ಕಾಣದ ದೇಶದವನಿಗೆ ನನ್ನ ಊಟದ ಚಿಂತೆ ಯಾಕೆ, ತಮ್ಮನಿಂದ ಇವನಿಗೆ ಏನೋ ಆಗಬೇಕಿದೆ ಎಂದುಕೊಂಡೆ.

2005ರ ಆರಂಭದಲ್ಲಿ ತಮ್ಮ ಫೋನು ಮಾಡಿ, "ಅಕ್ಕ, ರಾಜಿ ಆಯ್ತ್. ಇನ್ನ್ ಹೊಡ್ದಾಟ ಇಲ್ಲ" ಎಂದ. ಗೆಳೆಯ ತನ್ನ ಊರಿಗೆ ಹೊರಟಿದ್ದಾನಂತೆ. ತಾನೂ ಅವನ ಜೊತೆ ಹೋಗಿ, ಅಲ್ಲಿ ಹೊಳೆ ದಡದಲ್ಲಿ ಇಬ್ಬರೂ ಸೇರಿ ಚಾ ಹೋಟೆಲು ಇಡುವುದಂತೆ.

"ಯಾರ್ ಮುಂದ್ ಆಣಿ ಹಾಕಿರ್?" ಎಂದೆ.

ಅವನು ನಕ್ಕ. "ಸಹಿ ಹಾಕಿರ್ ಮಾರಾಯ್ತಿ. ಇಡೀ ಪ್ರಪಂಚ ಕಂಡಿತ್."

ಪಕ್ಕದ ಮನೆಯ ಟಿವಿಯಲ್ಲಿ ನಾನೂ ಕಂಡೆ. ಜನ ಕುಣಿಯುತ್ತಿದ್ದರು. ಕೈ ಕುಲುಕುವವರು ಒಬ್ಬರ ಮುಖ ಒಬ್ಬರು ನೋಡುತ್ತಾರೋ ಇಲ್ಲವೋ ಎಂಬುದನ್ನಷ್ಟೇ ನಾನು ನೋಡಿದೆ. ತಮ್ಮನ ಜೀವಕ್ಕೆ ಹೆದರಿದ್ದು ಸುಳ್ಳಲ್ಲ. ಆದರೆ ಹೋಟೆಲು ಇಡುವುದಾದರೆ ನಮ್ಮೊಂದಿಗೆ ಇಡದೆ ಯಾರೊಂದಿಗೋ ಇಡುತ್ತಾನೆ ಎಂಬ ಹೊಟ್ಟೆಕಿಚ್ಚೂ ಇತ್ತು.

ಮುಂದಿನ ಶುಕ್ರವಾರ, ಅಮ್ಮ ಹಾಸಿಗೆ ಹಿಡಿದಿದ್ದಾಳೆ, ಬೇಗ ಬಾ ಎಂದೆ.

"ಆಣಿ ಹಾಕ್ ಕಾಂಬ" ಎಂದ ತಮ್ಮ.

"ಮನಿ ದೈವದ್ ಆಣಿ" ಎಂದೆ. ಹಾಗೆ ಹೇಳುವಾಗ ಪಕ್ಕದ ಮನೆಯ ಕಿಟಕಿಯಿಂದ ಅಮ್ಮ ಕಾಣುತ್ತಿದ್ದಳು. ಮೀನಿನ ಬುಟ್ಟಿ ತಲೆಯ ಮೇಲಿಟ್ಟುಕೊಂಡು ಪೇಟೆಗೆ ಹೊರಟಿದ್ದಳು.

ತಮ್ಮ ಕೆಲಸ ಬಿಟ್ಟು ಬಂದ. ಗೆಳೆಯ ಒಬ್ಬನೇ ಊರಿಗೆ ಹೋದ. ತಮ್ಮ ಅಂಗಳಕ್ಕೆ ಕಾಲಿಟ್ಟಾಗ ಅಮ್ಮ ಒಣಮೀನಿಗೆ ಬಂದ ಕಾಗೆ ಓಡಿಸುತ್ತಿದ್ದಳು. ಅವನು ಅಮ್ಮನನ್ನು ನೋಡಿದ, ನನ್ನನ್ನು ನೋಡಿದ, ಚೀಲ ಇಳಿಸಿದ. ಆಮೇಲೆ ಬ್ರಹ್ಮಾವರದ ಬಸ್ ಸ್ಟ್ಯಾಂಡಿನ ಹತ್ತಿರ ಸಣ್ಣ ಹೋಟೆಲು ಇಟ್ಟ. ನಾನೂ ಅಮ್ಮನೂ ಅಲ್ಲಿಗೇ ಬಂದೆವು. ಒಳಗೆ ಅಡುಗೆಗೆ ನಾನು ನಿಂತೆ, ಮುಂದಿನ ದೋಸೆ ಕಾವಲಿಗೆ ಅವನು. ಅಮ್ಮ ಒಮ್ಮೆ ಕೆಮ್ಮಿದರೂ, ದೈವ ನನ್ನ ಆಣೆಯನ್ನು ನಿಜ ಮಾಡಲು ಬಂತೇ ಎಂದು ಹೆದರುತ್ತಿದ್ದೆ. ಅವಳು ಮಾತ್ರ ಗಟ್ಟಿಯಾಗಿಯೇ ಇದ್ದಳು.

2013ರ ಕೊನೆಯಲ್ಲಿ, ಅಷ್ಟರಲ್ಲಿ ಬೇರೆ ದೇಶವೇ ಆಗಿದ್ದ ದಕ್ಷಿಣ ಸುಡಾನಿನಲ್ಲಿ ಮತ್ತೆ ಗುಂಡು ಹಾರಿತು. ಹೋಟೆಲಿನ ಟಿವಿಯಲ್ಲಿ ತೋರಿಸುತ್ತಿದ್ದರು. ನನ್ನ ಬಾಯಿ ಸುಮ್ಮನಿರಲಿಲ್ಲ.

"ಕಂಡ್ಯಾ? ನಾ ಎಂತ ಹೇಳಿದ್ದೆ?"

ತಮ್ಮ ದೋಸೆ ಮಗುಚುತ್ತಲೇ ಹೇಳಿದ: "ಆ ರಾಜಿ ಉತ್ತರದರಿಗೂ ದಕ್ಷಿಣದರಿಗೂ ಆದ್ದ್ ಅಕ್ಕ. ಅದ್ ಮುರೀಲಿಲ್ಲ. ಇದ್ ದಕ್ಷಿಣದರ್ ಒಳ್ಗಿನ್ ಗಲಾಟಿ." ಆಮೇಲೆ ಮೆಲ್ಲಗೆ, "ಆಣಿ ಹಾಕ್ದೆ ಬರೀ ಸಹಿ ಹಾಕ್ದವ್ರ್ ಮಾತ್ ಉಳೀತ್" ಎಂದ.

ಮಧ್ಯಾಹ್ನ ಗಿರಾಕಿ ಕಡಿಮೆಯಾದಾಗ ಅವನು ಗೆಳೆಯನ ನಂಬರಿಗೆ ಮತ್ತೆ ಮತ್ತೆ ಫೋನು ಮಾಡಿದ. ಲೈನು ಸಿಗಲಿಲ್ಲ. ಇವತ್ತಿನವರೆಗೂ ಸುದ್ದಿ ಇಲ್ಲ. ನಾನು ತಮ್ಮನನ್ನು ಉಳಿಸಿದೆನೋ, ಇವನು ಅಲ್ಲಿದ್ದರೆ ಗೆಳೆಯನೂ ಉಳಿಯುತ್ತಿದ್ದನೋ, ಕೇಳುವ ಧೈರ್ಯ ನನಗಿಲ್ಲ.

ಈಗಲೂ ಅಡುಗೆಮನೆಯಿಂದ ಸಾರು ಕುದಿಯಿತು ಎಂದು ಕೂಗಿ ಹೇಳುತ್ತೇನೆ. ತಮ್ಮ ಹೂಂ ಎನ್ನುತ್ತಾನೆ. ಆಮೇಲೆ ಒಳಗೆ ಬಂದು ಮುಚ್ಚಳ ಎತ್ತಿ ನೋಡುತ್ತಾನೆ.