ಮಗು ಬೇಡ, ಕೂದಲು ಸಾಕು

ಹೆದ್ದಾರಿ ಬದಿಯ ಹೊಲಗಳೆಲ್ಲ ಕಾರ್ಖಾನೆಗಳಾಗುತ್ತಿದ್ದ ಕಾಲ. ಅಂಥದೊಂದರಲ್ಲಿ ನನಗೂ ಅವನಿಗೂ ಕೆಲಸ, ಪರಿಚಯ, ಆಮೇಲೆ ಪ್ರೀತಿ. ಮದುವೆಯಾಗುತ್ತೇನೆ ಎಂದಿದ್ದ. ನಾನು ಬಸುರಿ ಎಂದು ತಿಳಿದ ದಿನವೇ ಅವನಿಗೆ ತನ್ನೂರು ಕೈಲಾಂಚದಲ್ಲಿದ್ದ ಅಪ್ಪ ಅಮ್ಮ ನೆನಪಾದರು. ಅವನಪ್ಪ ಅರಳಿಕಟ್ಟೆಯ ಮೇಲೆ ಕೂತು, ಆ ಕೂಸಿಗೂ ನಮ್ಮ ಮನೆಗೂ ಸಂಬಂಧವಿಲ್ಲ ಎಂದು ಊರಿಗೆಲ್ಲ ಸಾರಿದ. ನಾನು ರಾಮನಗರದ ಬಾಡಿಗೆ ಮನೆಯಲ್ಲಿ, ನನ್ನವ್ವನ ಜೊತೆ ಇದ್ದುಕೊಂಡು ಮಗಳನ್ನು ಹೆತ್ತೆ.

ಮಗಳಿಗೆ ಮೂರು ತುಂಬುವ ಹೊತ್ತಿಗೆ ಅವರ ಮನೆಯಲ್ಲಿ ಸಾಲಾಗಿ ಎರಡು ಬೆಳೆ ರೇಷ್ಮೆಹುಳ ಸತ್ತವು. ಶಾಸ್ತ್ರ ಕೇಳಿಸಿದರಂತೆ. ಮೊಮ್ಮಗುವಿನ ಮೊದಲ ಮುಡಿ ಮನೆದೇವರಿಗೆ ಸಂದಿಲ್ಲ ಎಂದನಂತೆ ಶಾಸ್ತ್ರದವನು. ಊರಿನ ಮುಂದೆ ಇಲ್ಲದ ಸಂಬಂಧ ದೇವರ ಮುಂದೆ ಹೇಗೆ ಹುಟ್ಟಿತೋ! ಅಪ್ಪ, ಅಮ್ಮ, ಮಗ, ಜೊತೆಗೊಬ್ಬ ವಕೀಲ, ನಮ್ಮ ಚಾಪೆಯ ಮೇಲೆ ಬಂದು ಕೂತರು.

"ತಾತ ಅನ್ನೋ ಹಕ್ಕು ನಂಗೂ ಐತೆ ಕಣವ್ವ. ಕೂಸ್ನ ಒಂದಿನ ಕಳ್ಸು. ಮುಡಿ ತೆಗ್ಸಿ ಸಂಜೇಗೆ ತಂದ್ಬುಡ್ತೀವಿ," ಎಂದ ಯಜಮಾನ.

ಮಗು ಬೇಡ, ಕೂದಲು ಸಾಕು. ಕುರಿಯ ತುಪ್ಪಟ ಕತ್ತರಿಸುವವರೂ ಮೊದಲು ಅದಕ್ಕೆ ಮೇವು ಹಾಕುತ್ತಾರೆ.

ಅವರ ವಕೀಲನಾದರೂ ನಿಜವನ್ನೇ ಹೇಳಿದ. ಮದುವೆಯಿಲ್ಲದೆ ಹುಟ್ಟಿದ ಮಗುವಿಗೆ ಮೊದಲು ತಾಯಿಯೇ ದಿಕ್ಕು. ಮಗುವನ್ನು ನೋಡುವ ಹಕ್ಕು ಕೇಳಬೇಕಾದರೆ ಹುಡುಗ ತಾನೇ ತಂದೆ ಎಂದು ಬರೆದುಕೊಡಬೇಕು. ಅಜ್ಜ ಅಜ್ಜಿಯ ಮಾತು ಆಮೇಲೆ.

"ಬರ್ಕೊಡು. ಈವಾಗ್ಲೇ ಕಳಿಸ್ತೀನಿ," ಎಂದೆ ಅವನಿಗೆ.

ಮುಚ್ಚುಮರೆ ಯಾಕೆ, ಬರೆದಾನು ಎಂಬ ಆಸೆ ನನಗಿನ್ನೂ ಇತ್ತು. ನನ್ನ ಮಗಳಿಗೆ ಅಪ್ಪನ ಹೆಸರು ಬೇಕಿತ್ತು.

ಅವನು ಪೆನ್ನು ಹಿಡಿದು ಅಪ್ಪನ ಮುಖ ನೋಡಿದ.

"ಮಾಗಡಿ ಕಡೆ ಹೆಣ್ಣು ಗೊತ್ತಾಗೈತೆ ಕಣ್ಲಾ. ಬರ್ದ್ರೆ ಅವ್ರು ಬುಟ್ಬುಡ್ತಾರೆ," ಎಂದ ಅಪ್ಪ.

ಮಗ ಪೆನ್ನಿಗೆ ಕ್ಯಾಪು ಹಾಕಿದ. ಥೂ, ಆ ಮುಖಕ್ಕೆ ಮೀಸೆ ಬೇರೆ! ಇಂಥವನಿಗಾಗಿ ಮೂರು ವರ್ಷ ಅತ್ತೆನಲ್ಲ ಎಂದು ನನ್ನ ಮೇಲೇ ಹೇಸಿಗೆಯಾಯಿತು.

ಅವನಮ್ಮ ಮುಂದೆ ಸರಿದು ವಕೀಲನತ್ತ ಹೆಬ್ಬೆರಳು ಚಾಚಿದಳು. "ನನ್ ಮೊಮ್ಮಗ್ಳು ಅಂತ ಬರೀರಿ ಸಾಮಿ. ನಾನು ಹೆಬ್ಬೆಟ್ಟು ಒತ್ತೀನಿ."

"ನಿಮ್ಮ ಹೆಬ್ಬೆಟ್ಟು ನಡೆಯಲ್ಲಮ್ಮ. ನಿಮ್ಮ ಮಗನೇ ಒಪ್ಪಬೇಕು," ಎಂದ ವಕೀಲ.

ಆಕೆ ಬೆರಳು ಮಡಚಿಕೊಂಡಳು. ನಾನು ಮಗಳನ್ನು ಎತ್ತಿ ತಂದು ಆಕೆಯ ಮಡಿಲಲ್ಲಿ ಕೂರಿಸಿದೆ. ಗಂಡಸರು ಮೂವರಿಗೂ, ಎದ್ದು ಚಪ್ಪಲಿ ಮೆಟ್ಟಿಕೊಳ್ಳಿ, ಅಜ್ಜಿ ಉಂಡುಕೊಂಡು ಸಂಜೆ ಬಸ್ಸಿಗೆ ಬರುತ್ತಾಳೆ ಎಂದೆ.