ಗಾಣದ ಮನೆಯ ಸೋಸುಬಟ್ಟೆ

ಕಮಲಾಪುರದ ನೀಲಕಂಠನಿಗೆ ಕೂತಲ್ಲಿ ಕೂತಿರುವುದು ಹುಟ್ಟಿನಿಂದಲೇ ಬರಲಿಲ್ಲ. ಅಂಥವನು ಹುಟ್ಟಿದ್ದಾದರೂ ಎಲ್ಲಿ? ಗಾಣದ ಮನೆಯಲ್ಲಿ! ಎತ್ತಿನ ಹಿಂದೆ ಹಲಗೆಯ ಮೇಲೆ ಕೂತು ದಿನವಿಡೀ ಸುತ್ತುವುದೇ ಆ ಮನೆಯ ಗಂಡಸರ ಬಾಳು. ಬೆಳಿಗ್ಗೆ ಹತ್ತಿದವರು ಸಂಜೆ ಇಳಿದರೆ ಹತ್ತಿದ ಜಾಗದಲ್ಲೇ ಇರುತ್ತಿದ್ದರು. ಅಪ್ಪ ತೀರಿಕೊಂಡ ವರ್ಷ ನೀಲಕಂಠ ಹಲಗೆಯಿಂದ ಜಿಗಿದು, "ಯವ್ವಾ, ಇನ್ನ ಸತ್ತರೂ ಇದರ ಮ್ಯಾಲ ಕೂಡಂಗಿಲ್ಲ" ಎಂದು ತಾಯಿ ಶಂಕ್ರಮ್ಮನಿಗೆ ಹೇಳಿ ಕಲಬುರಗಿಯ ದಾರಿ ಹಿಡಿದ.

ನಿಜಾಮರ ರಾಜ್ಯದಲ್ಲಿ ಮೋಟಾರುಗಳು ಇನ್ನೂ ಬೆರಳೆಣಿಕೆಯಷ್ಟಿದ್ದ ಕಾಲವದು. ಲಾರಿ ತೊಳೆದ, ಬಸ್ಸಿನ ಚಕ್ರ ಬಿಚ್ಚಿದ, ಕೊನೆಗೆ ಅದೇ ಊರಿನ ಗಾಜಿಪುರದ ಜಾಗೀರದಾರ ಬುರ್ಹಾನುದ್ದೀನ್ ಸಾಹೇಬರ ಡ್ರೈವರ್ ಆದ. ಸಾಹೇಬರ ಬಳಿ ಎರಡೇ ಸೀಟಿನ ಕೆಂಪು ಓಟದ ಕಾರಿತ್ತು. ಅದರ ಸ್ಟೇರಿಂಗ್ ಹಿಡಿದಾಗ ಮಾತ್ರ ನೀಲಕಂಠನ ಜೀವ ಒಂದು ಕಡೆ ನಿಲ್ಲುತ್ತಿತ್ತು. ಊರು ಕೇಳಿದವರಿಗೆ, "ಅಲ್ಲಿ ನಮ್ದು ಕಿರಾಣಿ ಅಂಗಡಿ ಅದರಿ" ಎನ್ನುತ್ತಿದ್ದ. ಮೈಯಿಂದ ಕುಸುಬಿ ಎಣ್ಣೆಯ ವಾಸನೆ ಹೋಗಲೆಂದು ಸಾಬೂನು ಉಜ್ಜಿ ಉಜ್ಜಿ ಚರ್ಮ ಕೆಂಪಾಗಿಸಿಕೊಳ್ಳುತ್ತಿದ್ದ. ಪುಣ್ಯಾತ್ಮ, ಆ ವಾಸನೆ ಅವನ ಮೂಗಿನಲ್ಲಿತ್ತೇ ಹೊರತು ಮೈಯಲ್ಲಿ ಎಂದೋ ಹೋಗಿತ್ತು.

ಒಂದು ಮುಂಜಾನೆ ಇಂಜಿನ್ನಿನ ಪಕ್ಕದ ಡಬ್ಬಿ ಬಿಚ್ಚಿ ನೋಡಿದರೆ ಎಣ್ಣೆ ಸೋಸುವ ಫಿಲ್ಟರ್ ಹರಿದಿತ್ತು. ಅದೇನು ದೊಡ್ಡ ವಸ್ತುವಲ್ಲ. ತಂತಿಯ ಸುರುಳಿಯ ಮೇಲೆ ಒಂದು ಬಟ್ಟೆಯ ಚೀಲ, ಅಷ್ಟೆ. ಆದರೆ ಇಂಜಿನ್ನಿಗೆ ಹೋಗುವ ಎಣ್ಣೆಯೆಲ್ಲ ಅದರಲ್ಲೇ ಹಾಯಬೇಕು.

"ನೀಲಕಂಠ, ನಾಳಿ ಹೈದರಾಬಾದಿನಾಗ ರೇಸ್ ಅದ," ಎಂದರು ಸಾಹೇಬರು. "ಇವತ್ತೇ ಹೊಸಾದು ಹಾಕಿ, ಕಮಲಾಪುರ ತನಕ ಓಡ್ಸಿ ನೋಡ್ಕೊಂಡು ಬಾ. ಇಂಜಿನಿಗೆ ಏನಾರ ಆತಂದ್ರ ಚಾವಿ ಇಟ್ಟು ಊರಿಗೆ ಹೋಗಿಬಿಡು. ಸಮಝೆ?"

ಊರೆಂದರೆ ಹಲಗೆ. ನೀಲಕಂಠ ಆಗಲೇ ಬಜಾರಕ್ಕೆ ಓಡಿದ.

ಬಜಾರದಲ್ಲಿ ಮೋಟಾರು ಸಾಮಾನಿನ ಅಂಗಡಿಯ ಮಲ್ಲಣ್ಣ ಎರಡು ಫಿಲ್ಟರ್ ತಂದಿಟ್ಟ. ಎರಡೂ ಡಬ್ಬಿಯಲ್ಲಿ ಸರಿಯಾಗಿ ಕೂರುವಂಥವೇ. ಒಂದರ ಬಟ್ಟೆ ತೆಳುವು, ಇನ್ನೊಂದರದು ಕಂಬಳಿಯಂತೆ ದಪ್ಪ.

"ಹಳೇದು ಹೆಂಗಿತ್ತೋ ಹಂಗಿಂದೇ ಒಯ್ಯಪಾ," ಎಂದ ಮಲ್ಲಣ್ಣ. "ತೆಳ್ಳಗಿನದು."

"ತೆಳ್ಳಗಿತ್ತಂತೇ ಹರದದಲ್ಲ!" ನೀಲಕಂಠ ಎರಡರ ಮೇಲೂ ಕೊಳೆ ಎಣ್ಣೆ ಸುರಿದು ನೋಡಿದ. ತೆಳುವಿನಿಂದ ಮಬ್ಬು ಎಣ್ಣೆ ಇಳಿಯಿತು. ದಪ್ಪದ್ದರಿಂದ ಹೊನ್ನಿನಂಥ ಹನಿ ಬಿತ್ತು. ಗಾಣಿಗನ ಕಣ್ಣಲ್ಲವೇ, ಎಣ್ಣೆಯಲ್ಲಿ ಮಡ್ಡಿ ಉಳಿದರೆ ಮನೆತನದ ಮಾನ ಹೋಯಿತೆಂದು ಬೆಳೆದವನು. "ಎಣ್ಣಿ ವಿಷಯ ನನಗ ಹೇಳಬ್ಯಾಡ ಮಲ್ಲಣ್ಣ" ಎಂದು ದಪ್ಪದ್ದನ್ನೇ ಎತ್ತಿಕೊಂಡ. ಕಿರಾಣಿ ಅಂಗಡಿಯವನಿಗೆ ಎಣ್ಣೆಯ ಇಷ್ಟು ಗರ್ವ ಎಲ್ಲಿಂದ ಬಂತೆಂದು ಮಲ್ಲಣ್ಣ ಅವನ ಬೆನ್ನನ್ನೇ ನೋಡಿದ.

ಮುರಮಿನ ರಸ್ತೆಯಲ್ಲಿ ಕಾರು ಹಾರಿತು. ಎಣ್ಣೆಯ ಒತ್ತಡ ತೋರಿಸುವ ಮುಳ್ಳು ಎಂದಿಗಿಂತ ಮೇಲೆ ನಿಂತಿತ್ತು. ಭಲೇ ಎಂದುಕೊಂಡ ನೀಲಕಂಠ. ಮಹಾಗಾಂವ ದಾಟಿದ ಮೇಲೆ ಇಂಜಿನ್ನಿನೊಳಗೆ ಯಾರೋ ಸಣ್ಣಗೆ ಬಾಗಿಲು ತಟ್ಟಿದ ಸದ್ದು. ವೇಗ ಇಳಿಸಿದ, ಸದ್ದು ನಿಂತಿತು. ಏರಿಸಿದ, ಮತ್ತೆ ಬಂತು. ಮುಳ್ಳು ಮಾತ್ರ ಎಲ್ಲ ಚೆನ್ನಾಗಿದೆ ಎನ್ನುತ್ತಿತ್ತು. ಮುಳ್ಳನ್ನು ನಂಬಬೇಕೋ ಕಿವಿಯನ್ನೋ? ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಕಮಲಾಪುರ ಮುಟ್ಟಿದ್ದೇ ಗಾಣದ ಮನೆಯ ಮುಂದೆ ಕಾರು ನಿಲ್ಲಿಸಿ, ಇಂಜಿನ್ನಿಗೆ ನೀರು ಕೇಳಲು ಒಳಗೆ ನುಗ್ಗಿದ.

ಶಂಕ್ರಮ್ಮ ಒಬ್ಬಳೇ ಗಾಣ ನಡೆಸುತ್ತಿದ್ದಳು. ಪಕ್ಕದಲ್ಲಿ ಎಣ್ಣೆ ಸೋಸಲು ಇಟ್ಟಿದ್ದಳು: ತಳದ ತೂತಿಗೆ ಬಟ್ಟೆ ಕಟ್ಟಿದ ಮೇಲಿನ ಗಡಿಗೆ ತುಂಬಿ ತುಳುಕುತ್ತಿತ್ತು, ಕೆಳಗಿನದರ ತಳವೂ ಮುಚ್ಚಿರಲಿಲ್ಲ.

"ಯವ್ವಾ, ಇದ್ಯಾಕ ಇಳಿವಲ್ದು?"

"ಮಠದ ದೀಪದ ಎಣ್ಣಿ ಮಗಾ. ದಪ್ಪ ಅರಿವಿ ಹಾಕೀನಿ. ದೀಪಕ್ಕೇನು ಅವಸರ, ತೊಟ್ಟು ತೊಟ್ಟು ಬಿದ್ದರ ಸಾಕು. ಅಡಗಿ ಎಣ್ಣಿಗೆ ತೆಳ್ಳಗಿನ ಹಳೇ ಅರಿವಿ. ಮರತಿ ಏನು?"

ನೀಲಕಂಠ ಗಡಿಗೆಗಳ ಮುಂದೆ ಗರಬಡಿದವನಂತೆ ನಿಂತ. ಮೇಲೆ ತುಂಬಿದೆ, ಕೆಳಗೆ ಒಣಗಿದೆ. ಕಾರಿನ ಮುಳ್ಳು ತೋರಿಸುತ್ತಿದ್ದುದು ಫಿಲ್ಟರಿನ ಈಚೆಗೆ ಸಿಕ್ಕಿಬಿದ್ದ ಎಣ್ಣೆಯನ್ನು. ಆಚೆ ಇಂಜಿನ್ ಬಾಯಾರಿ ಬಡಿದುಕೊಳ್ಳುತ್ತಿತ್ತು. ಓಟದ ಕುದುರೆಗೆ ಅವನು ದೀಪದ ಬಟ್ಟೆ ಹಾಕಿದ್ದ! ಇನ್ನೆರಡು ಹರದಾರಿ ಓಡಿಸಿದ್ದರೆ ಕಬ್ಬಿಣ ಕಬ್ಬಿಣಕ್ಕೆ ಕಚ್ಚಿಕೊಂಡು ಎಲ್ಲ ಮುಗಿದಿರುತ್ತಿತ್ತು. ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಸಣ್ಣಂದಿನಿಂದ ಕಂಡ ಮಾತನ್ನು ಬೇಕೆಂದೇ ಮರೆತವನಿಗೆ ಇನ್ನೇನಾಗಬೇಕು?

"ಹಳೇ ಅರಿವಿ ಎಲ್ಲದ ಯವ್ವಾ?"

"ಬಿಸಲಿಗೆ ಹಾಕೀನಿ. ಯಾಕ, ನಾರತದ ಅಂತ ಮೂಗ ಮುಚ್ಕೋತಿದ್ದೆಲ್ಲ?"

ಅವನು ಹೊರಗೆ ಹೋಗಿ ಬಾನೆಟ್ ಎತ್ತಿಟ್ಟ. ಇಂಜಿನ್ ಆರುವವರೆಗೆ ಅಂಗಳದಲ್ಲಿ ನಾಲ್ಕು ಸಲ ಹೋಗಿ ಬಂದ. ಆಮೇಲೆ ದಪ್ಪ ಚೀಲ ಕಿತ್ತೊಗೆದು ಬರಿಯ ತಂತಿಯ ಸುರುಳಿಯನ್ನು ತಂದು ತಾಯಿಯ ಕೈಯಲ್ಲಿಟ್ಟ. "ಇದರ ಅಳತಿಗೆ ಹೊಲದು ಕೊಡು. ಸಂಜಿಗೆ ಕಲಬುರ್ಗಿ ಮುಟ್ಟಲಿಲ್ಲಂದ್ರ ನನ್ನ ಕೆಲಸ ಹೋತು."

"ಹೊಲೀತೀನಿ. ಆದರ ಕುಸುಬಿ ಅರ್ಧ ಅರದದ, ಗಾಣ ಈಗ ನಿಂದ್ರಂಗಿಲ್ಲ," ಎಂದಳು ಶಂಕ್ರಮ್ಮ. ಸೂಜಿಗೆ ದಾರ ಪೋಣಿಸುತ್ತ ಗದ್ದದಿಂದ ಹಲಗೆ ತೋರಿಸಿದಳು.

ನೀಲಕಂಠ ಹಲಗೆ ನೋಡಿದ, ರಸ್ತೆ ನೋಡಿದ. ಆಮೇಲೆ ಕೂತ. ಎತ್ತು ಅವನ ಗುರುತು ಹಿಡಿದಂತೆ ಕಿವಿ ಆಡಿಸಿ ನಡೆಯಿತು. ಒಂದೊಂದು ಸುತ್ತಿಗೂ ಬಾಗಿಲಲ್ಲಿ ಕೆಂಪು ಕಾರು ಕಾಣುತ್ತಿತ್ತು, ಮರೆಯಾಗುತ್ತಿತ್ತು, ತಾಯಿಯ ಕೈಯ ಸೂಜಿ ಕಾಣುತ್ತಿತ್ತು. "ಆತೇನ್ಬೇ?" ಎಂದು ಪ್ರತಿ ಸುತ್ತಿಗೂ ಕೇಳಿದ. "ಹೊಲಗಿಗೆ ಅವಸರ ಆಗಂಗಿಲ್ಲ," ಎಂದು ಅವಳು ಪ್ರತಿ ಸುತ್ತಿಗೂ ಹೇಳಿದಳು.

ಹೊಲಿದ ಚೀಲವನ್ನು ಡಬ್ಬಿಯಲ್ಲಿ ಕೂರಿಸಿ ಹೊರಟಾಗ ಮುಳ್ಳು ಮುಂಜಾನೆಗಿಂತ ಕೆಳಗೆ, ತನ್ನ ಮಾಮೂಲಿ ಜಾಗದಲ್ಲಿ ನಿಂತಿತು. ಮಹಾಗಾಂವದವರೆಗೂ ಕಿವಿ ನಿಗುರಿಸಿಕೊಂಡೇ ಬಂದ. ತಟ್ಟುವ ಸದ್ದು ಇರಲಿಲ್ಲ. ಅಲ್ಲಿಂದ ಮುಂದೆಯೂ ಇರಲಿಲ್ಲ.

ಕಲಬುರಗಿಯಲ್ಲಿ ಮೊದಲು ಮಲ್ಲಣ್ಣನ ಅಂಗಡಿಗೆ ಹೋಗಿ ತಲೆ ತಗ್ಗಿಸಿ ತೆಳು ಬಟ್ಟೆಯ ಫಿಲ್ಟರ್ ಕೊಂಡ, ರಾತ್ರಿ ಹಾಕಿದರಾಯಿತೆಂದು ಪಕ್ಕದ ಸೀಟಿನ ಮೇಲಿಟ್ಟುಕೊಂಡ. ಗಾಜಿಪುರ ಮುಟ್ಟಿದಾಗ ದೀಪ ಹಚ್ಚುವ ಹೊತ್ತು, ಸಾಹೇಬರು ಕಾಯುತ್ತ ನಿಂತಿದ್ದರು. ಇಂಜಿನ್ನಿನ ಸದ್ದು ಕೇಳಿ ತಲೆದೂಗಿದರು. ಹತ್ತಿರ ಬಂದು ಬಾನೆಟ್ ಎತ್ತಿಸಿ ಮೂಸಿದರು.

"ಇದೇನಿದು ವಾಸನಿ? ಕುಸುಬಿ ಎಣ್ಣಿ ಅಲ್ಲ?"

ಕಿರಾಣಿ ಅಂಗಡಿಯ ಮಾತು ನೀಲಕಂಠನ ನಾಲಿಗೆಯ ತುದಿಗೇ ಬಂದಿತ್ತು. ಅದನ್ನು ನುಂಗಿಕೊಂಡ.

"ನಾ ತಪ್ಪು ಫಿಲ್ಟರ್ ಹಾಕಿದ್ದೆ ಸಾಹೇಬ್ರ. ಇಂಜಿನ್ ಸಾಯೋದಿತ್ತು. ಈಗಿರೋದು ನಮ್ಮವ್ವನ ಅರಿವಿ," ಎಂದ. "ವಾಸನಿ ನಮ್ಮ ಮನೀದ್ರಿ. ನಾವು ಗಾಣದವರು."