ಎಲ್ಲ ಮಕ್ಕಳಿಗೂ ಒಂದೊಂದು ಸಿಂಹಾಸನ

ನಮ್ಮ ಮಕ್ಕಳ ಯಕ್ಷಗಾನ ತರಗತಿ ನಡೆಯುವ ಹಾಲಿನಲ್ಲಿ ಈಗ ಗೋಡೆಯುದ್ದಕ್ಕೂ ಕುರ್ಚಿ ಹಾಕಿದ್ದಾರೆ. ಮೆತ್ತೆ ಇರುವ ಒಳ್ಳೆಯ ಕುರ್ಚಿಗಳು. ಬಿಡಲು ಬಂದ ತಂದೆತಾಯಿಗಳಿಗೆ ಇರಬೇಕು ಎಂದು ನೀವು ಎಣಿಸಿದರೆ ತಪ್ಪು. ಅವು ಕುಣಿಯಲು ಬಂದ ಮಕ್ಕಳಿಗೆ. ಒಂದು ಹೆಜ್ಜೆ ಹೇಳಿಕೊಟ್ಟದ್ದೇ ತಡ, ಎಲ್ಲವೂ ಹೋಗಿ ಕುಳಿತು ನೀರು ಕುಡಿಯುತ್ತವೆ, ಫೋನು ತೆಗೆಯುತ್ತವೆ. ತಾಯಂದಿರು ಕರವಸ್ತ್ರ ಹಿಡಿದು ಓಡಿಬರುತ್ತಾರೆ, ಒರೆಸಲು. ಏನನ್ನು ಒರೆಸುತ್ತಾರೋ ನನಗೆ ಇವತ್ತಿಗೂ ಗೊತ್ತಿಲ್ಲ. ಆ ಹಾಲಿನ ಏಸಿಯಲ್ಲಿ ನಾನು ಶಾಲು ಹೊದ್ದು ಕೂರುತ್ತೇನೆ.

ನನ್ನ ಮಗನೂ ಇದೇ ಗುರುಗಳ ಹತ್ತಿರ ಕಲಿತವನು. ಆಗ ನಾವು ಬರ್ ದುಬೈಯಲ್ಲಿದ್ದೆವು. ತರಗತಿ ಒಂದು ಹೋಟೆಲಿನ ಮೇಲಿನ ಕೋಣೆಯಲ್ಲಿ, ಕೆಳಗಿನ ಸಾಂಬಾರಿನ ಪರಿಮಳದಲ್ಲಿ ನಡೆಯುತ್ತಿತ್ತು. ಕೂರಲು ಒಂದು ಸ್ಟೂಲು ಬಿಟ್ಟರೆ ಬೇರೇನೂ ಇರಲಿಲ್ಲ, ಅದರ ಮೇಲೆ ಗುರುಗಳು ತಮ್ಮ ಕನ್ನಡಕ ಇಡುತ್ತಿದ್ದರು. ನಮ್ಮ ಬಿಲ್ಡಿಂಗಿನ ಹಿಂದೆ ಮರಳಿನ ಖಾಲಿ ಜಾಗವಿತ್ತು. ಅಡ್ಡಾದಿಡ್ಡಿ ನಿಂತ ಕಾರುಗಳ ನಡುವೆ ಹುಡುಗರು ಕ್ರಿಕೆಟ್ ಆಡಿ, ಬೆವರಿನ ಮೇಲೆ ಮರಳು ಅಂಟಿಸಿಕೊಂಡು, ಹಾಗೆಯೇ ಮೆಟ್ಟಿಲು ಹತ್ತಿ ಕುಣಿಯಲು ಬರುತ್ತಿದ್ದರು. "ಇವರನ್ನು ಒಂದು ಕಡೆ ನಿಲ್ಲಿಸುದೇ ಕಷ್ಟ ಮಾರಾಯ್ರೆ" ಎಂದು ಗುರುಗಳು ದೂರುತ್ತಿದ್ದರು. ಅದೇ ಬಾಯಿಯಲ್ಲಿ ಈಗ "ಇವರನ್ನು ಎಬ್ಬಿಸುದೇ ಕಷ್ಟ" ಎನ್ನುತ್ತಾರೆ. ಹೇಳುವುದು ಕುರ್ಚಿಯಲ್ಲಿ ಕುಳಿತು. ಬ್ಯಾಂಕಿನ ಕೆಲಸದಲ್ಲಿ ಅವರ ಹೊಟ್ಟೆಯೂ ಸಂಬಳದ ಜೊತೆಗೇ ಏರಿದೆ.

ನನ್ನ ಬಾಲ್ಯದ ಮಾತನ್ನು ನಾನು ಎತ್ತುವುದಿಲ್ಲ. ಹಾಗೆ ಎತ್ತುವವರು ನಮ್ಮ ವಾಟ್ಸಾಪ್ ಗುಂಪಿನಲ್ಲಿ ಬೇಕಾದಷ್ಟಿದ್ದಾರೆ. ತೋಡು ಹಾರಿದ್ದು, ಪೇರಳೆ ಮರ ಹತ್ತಿದ್ದು, ಶಾಲೆಗೆ ನಡೆದದ್ದು ಎಲ್ಲವನ್ನೂ ಸೋಫಾದ ಮೇಲೆ ಒರಗಿ ಬರೆಯುತ್ತಾರೆ. ಕೆಳಗಿನ ಅಂಗಡಿಯಿಂದ ಮೊಸರು ತರಲೂ ಫೋನು ಮಾಡುವ ಜನ. ನಾನು ಹೇಳುವುದು ಒಂದೇ ಹೊಟ್ಟೆಯಲ್ಲಿ ಹುಟ್ಟಿದ, ಒಂದೇ ಊರಿನಲ್ಲಿ ಬೆಳೆದ ನನ್ನ ಇಬ್ಬರು ಮಕ್ಕಳ ಸಂಗತಿ. ಮಗ ಈಗ ಅಬುಧಾಬಿಯಲ್ಲಿ ಕೆಲಸಕ್ಕಿದ್ದಾನೆ, ಅಲ್ ರೀಮ್ ಐಲ್ಯಾಂಡಿನಲ್ಲಿ ಸ್ನೇಹಿತರ ಜೊತೆ ಬಾಡಿಗೆಗಿದ್ದಾನೆ. ಮಗಳಿಗೆ ಹದಿನಾಲ್ಕು. ಅವನು ನಿಂತು ಬೆಳೆದ, ಇವಳು ಕುಳಿತು ಬೆಳೆದಳು. ನಡುವೆ ಇದ್ದದ್ದು ಕೆಲವೇ ವರ್ಷ.

ಆ ಮರಳಿನ ಜಾಗದಲ್ಲಿ ಕಟ್ಟಡ ಬಂತು. ನಾವು ಜುಮೇರಾ ಲೇಕ್ ಟವರ್ಸಿಗೆ ಬಂದೆವು. ಶಾಲೆಯ ಬಸ್ಸು ದೂರದ್ದಾಯಿತು, ಟ್ಯೂಷನ್ ಉದ್ದವಾಯಿತು. ಕೊರೋನಾ ಕಾಲದಲ್ಲಿ ಯಕ್ಷಗಾನವನ್ನೂ ಲ್ಯಾಪ್‌ಟಾಪಿನಲ್ಲಿ ಕಲಿಸಿದರು. ಮಕ್ಕಳು ಮೇಜಿನ ಮುಂದೆ ಕುಳಿತು ಸೊಂಟದ ಮೇಲಿನ ಯಕ್ಷಗಾನ ಕಲಿತವು. ಕೈ ಬಂತು, ಕಣ್ಣು ಬಂತು, ಕಾಲು ಮೇಜಿನಡಿಯಲ್ಲೇ ಉಳಿಯಿತು. ರೋಗ ಹೋದ ಮೇಲೂ ಆ ಕಾಲನ್ನು ಯಾರೂ ಹೊರಗೆ ಕರೆಯಲಿಲ್ಲ.

ನನ್ನ ಮಗಳೇನೂ ಬೇರೆಯಲ್ಲ. ಅವಳಿಗೆ ಓದುವ ಮೇಜಿಗೆಂದು ತಂದ ಚಕ್ರದ ಕುರ್ಚಿಯೊಂದಿದೆ. ಹಸಿವಾದರೆ ಅದರಲ್ಲೇ ನೆಲ ಒದೆಯುತ್ತ ಕೋಣೆಯಿಂದ ಫ್ರಿಜ್ಜಿನವರೆಗೆ ಬರುತ್ತಾಳೆ, ಬಾಗಿಲು ತೆಗೆಯುತ್ತಾಳೆ, ಹಾಗೆಯೇ ಹಿಂದಕ್ಕೆ ಹೋಗುತ್ತಾಳೆ. "ಎದ್ದು ಬಾ ಮಾರಾಯ್ತಿ, ಕಾಲು ಉಂಟಲ್ಲ ನಿಂಗೆ?" ಎಂದರೆ, "ಐ ಆಮ್ ಯೂಸಿಂಗ್ ಮೈ ಲೆಗ್ಸ್, ಅಮ್ಮ" ಎನ್ನುತ್ತಾಳೆ, ಒದೆಯುವುದನ್ನು ತೋರಿಸುತ್ತ.

ಕಳೆದ ಬೇಸಿಗೆಯಲ್ಲಿ ಒಂದು ದಿನ ನನ್ನ ಗಂಡನ ಹಳೆಯ ಫೋನಿನಲ್ಲಿ ಅಣ್ಣನ ಯಕ್ಷಗಾನದ ಆಟದ ವಿಡಿಯೋ ನೋಡಿದಳು. ಅವನು ಪುಂಡುವೇಷ ಕಟ್ಟಿದ್ದ, ಅಂದರೆ ಎಳೆಯ ವೀರನ ಪಾತ್ರ. ಅದರಲ್ಲಿ ಮಂಡಿ ಹಾಕುತ್ತಾನೆ. ನೆಲಕ್ಕೆ ಮೊಣಕಾಲೂರಿ, ಚೆಂಡೆಯ ಪೆಟ್ಟಿಗೆ ಬುಗುರಿಯ ಹಾಗೆ ತಿರುಗುತ್ತ ರಂಗಸ್ಥಳಕ್ಕೆ ಸುತ್ತು ಬರುವುದು. ಮಗಳು ಅದನ್ನು ಎಷ್ಟು ಸಲ ನೋಡಿದಳೋ, ಕೊನೆಗೆ ಚಕ್ರದ ಕುರ್ಚಿ ಬಿಟ್ಟು ನಡೆದೇ ಅಡುಗೆಮನೆಗೆ ಬಂದಳು. "ಅಮ್ಮ, ಐ ವಾಂಟ್ ದಿಸ್. ಈ ವರ್ಷದ ಆಟದಲ್ಲಿ ನನಗೆ ಇದೇ ಬೇಕು."

ಗುರುಗಳು ನಕ್ಕರು. ತರಗತಿಯ ಎಲ್ಲ ಮಕ್ಕಳನ್ನೂ ನೆಲಕ್ಕೆ ಕೂರಿಸಿ, "ಈಗ ಕೈ ಊರದೆ ಏಳಿ ನೋಡುವ. ಮಂಡಿ ಹಾಕಿದವ ಹಾಗೇ ಏಳ್ಬೇಕು" ಎಂದರು. ಒಬ್ಬರೂ ಏಳಲಿಲ್ಲ. ಒಂದು ಹುಡುಗ ಪಕ್ಕದವನ ಹೆಗಲು ಹಿಡಿದ, ಇಬ್ಬರೂ ಒಟ್ಟಿಗೆ ಮಗುಚಿದರು. ನನ್ನ ಮಗಳು ಎರಡು ಸಲ ಹಿಂದಕ್ಕೆ ಬಿದ್ದು ಮೂರನೆಯ ಸಲ ಕೈ ಊರಿ ಎದ್ದಳು. ದಿನವಿಡೀ ಕೂರುವ ಮಕ್ಕಳಿಗೆ ನೆಲದಲ್ಲಿ ಕೂರಲೂ ಬರುವುದಿಲ್ಲ, ಕೂತಲ್ಲಿಂದ ಏಳಲೂ ಬರುವುದಿಲ್ಲ. ತಾಯಂದಿರು ಇದನ್ನು ಕಂಡು ನಾಚಿಕೆಪಡಬಹುದು ಎಂದು ನಾನು ನೋಡಿದೆ. ಅವರು ವಿಡಿಯೋ ಮಾಡುತ್ತಿದ್ದರು. "ಸೋ ಕ್ಯೂಟ್!"

"ಡಿಸೆಂಬರ್ ಒಳಗೆ ಕೈ ಊರದೆ ಏಳು. ಮಂಡಿ ಕೊಡ್ತೇನೆ" ಎಂದು ಗುರುಗಳು ಮಗಳಿಗೆ ಹೇಳಿದರು. ಅವಳು ಅದನ್ನು ನಂಬಿದಳು.

ಮನೆಯಲ್ಲಿ ಅಭ್ಯಾಸ ಶುರುವಾದ ಎರಡನೆಯ ಸಂಜೆಯೇ ಸೆಕ್ಯುರಿಟಿಯವ ಬಾಗಿಲು ತಟ್ಟಿದ. ಕೆಳಗಿನ ಮನೆಯವರಿಗೆ ಸದ್ದಾಗುತ್ತದಂತೆ. ಕಾರಿಡಾರಿನಲ್ಲಿ ಕುಣಿಯಬಾರದು ಎಂದು ಬೋರ್ಡೇ ಇದೆ. ಜಿಮ್ಮಿಗೆ ಈ ವಯಸ್ಸಿನವರನ್ನು ಬಿಡುವುದಿಲ್ಲ. ಲಾಬಿಯಲ್ಲಿ ಮಾತ್ರ ಯಾವಾಗ ಬೇಕಾದರೂ ಕೂರಬಹುದು, ಸೋಫಾ ಇದೆ, ವೈಫೈ ಇದೆ. ಇಷ್ಟೆತ್ತರದ ಕಟ್ಟಡದಲ್ಲಿ ಒಂದು ಹುಡುಗಿ ಹಾರಲು ಜಾಗವಿಲ್ಲ.

ಹಾಗಾಗಿ ಕೆಳಗಿನ ಪಾರ್ಕಿಗೆ ಹೋದೆವು. ಸೆಪ್ಟೆಂಬರಿನ ಆ ಸೆಕೆಯಲ್ಲಿ, ಸೂರ್ಯ ಮುಳುಗಿದ ಮೇಲೆ, ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಅವಳು ಹುಲ್ಲಿನ ಮೇಲೆ ಬೀಳುವುದು, ಏಳುವುದು, ಬೀಳುವುದು. ನಾನು ಬಾಯಿತಾಳ ಹೇಳುವುದು. ವಾಕಿಂಗ್ ಬಂದ ನಾಯಿಗಳು ನಿಂತು ನೋಡುತ್ತಿದ್ದವು. ನಮ್ಮ ಕಟ್ಟಡದ ಅವಳ ವಯಸ್ಸಿನವರು ಬೆಂಚಿನ ಮೇಲೆ ಸಾಲಾಗಿ ಕುಳಿತು ಫೋನು ಎತ್ತಿ ಹಿಡಿಯುತ್ತಿದ್ದರು. ಒಬ್ಬಳು ಕೇಳಿದಳು, "ಆಂಟಿ, ಈಸ್ ಶಿ ಓಕೆ?" ನಾಯಿಗಳಿಗೆ ಹೆಚ್ಚು ಅರ್ಥವಾಗಿತ್ತು.

ನವೆಂಬರ್ ಮುಗಿಯುವಾಗ ಅವಳು ಎದ್ದಳು. ಕೈ ಎದೆಗೆ ಕಟ್ಟಿಕೊಂಡು, ಹಲ್ಲು ಕಚ್ಚಿ, ನೇರ. ಆಮೇಲೆ ತಿರುಗುವುದೂ ಬಂತು, ಅರ್ಧ ಸುತ್ತು, ಒಂದು, ಇನ್ನೊಂದು.

ಅದೇ ವಾರ, ವರ್ಷವರ್ಷ ಈ ಆಟ ನಡೆಸುವ ನಮ್ಮ ಊರವರ ಸಮಿತಿಯ ಸಭೆ ಕರೆದರು. ಅಧ್ಯಕ್ಷೆಯ ಮಗನೂ ಅದೇ ತರಗತಿಯಲ್ಲಿದ್ದಾನೆ. ಆಯಮ್ಮ ನಗುನಗುತ್ತಲೇ ಶುರು ಮಾಡಿದರು. "ಈ ಸಲ ಎಲ್ಲ ಮಕ್ಕಳಿಗೂ ಸಮಾನ ಅವಕಾಶ. ದೊಡ್ಡ ಒಡ್ಡೋಲಗದ ಸೀನ್ ಮಾಡುವ. ಎಲ್ಲರೂ ರಾಜಕುಮಾರರು. ಪ್ರತಿಯೊಬ್ಬರಿಗೂ ಒಂದೊಂದು ಸಿಂಹಾಸನ."

ಯಕ್ಷಗಾನದ ರಂಗಸ್ಥಳದಲ್ಲಿ ಇರುವುದು ಒಂದು ಮರದ ಪೀಠ. ಸಿಂಹಾಸನವೂ ಅದೇ, ರಥವೂ ಅದೇ. ಅಲ್ಲಿ ಸಾಲಾಗಿ ಸಿಂಹಾಸನ ಹಾಕುವ ಬುದ್ಧಿ ನಮ್ಮ ಸಮಿತಿಗೇ ಹೊಳೆಯಬೇಕು.

"ಯುದ್ಧ?" ಎಂದು ನಾನು ಕೇಳಿದೆ.

"ಯುದ್ಧವನ್ನು ಮಾತಿನಲ್ಲೇ ಮುಗಿಸುವ. ಕೂತಲ್ಲಿಂದಲೇ."

"ನನ್ನ ಮಗಳ ಮಂಡಿ?"

"ಅದು ಬೇಡ ಅಂತ. ಒಬ್ಬಳು ಹಾಕಿ ಉಳಿದವರು ಹಾಕದಿದ್ರೆ ಮಕ್ಕಳ ಮನಸ್ಸಿಗೆ ನೋವಾಗುದಿಲ್ವಾ? ಮತ್ತೆ ಸೇಫ್ಟಿ ಕೂಡ ನೋಡ್ಬೇಕಲ್ಲ."

"ಹಾಗಾದ್ರೆ ಎಲ್ಲರೂ ಕಲೀಲಿ."

"ನಿಮ್ಮದೊಳ್ಳೆ ತಮಾಷೆ ಮಾರಾಯ್ರೆ! ನನ್ನ ಮಗ ಬೆಳಿಗ್ಗೆಯಿಂದ ಕೂತು ಓದಿ ಸುಸ್ತಾಗಿ ಬರ್ತಾನೆ."

"ಕೂತು ಸುಸ್ತಾದವನಿಗೆ ಇನ್ನೊಂದು ಕುರ್ಚಿ ಕೊಡುದಾ?"

ಯಾರೋ ಕೆಮ್ಮಿದರು. ನಾನು ಗುರುಗಳ ಮುಖ ನೋಡಿದೆ. ಅವರು ಸಮೋಸದ ಚಟ್ನಿ ನೋಡುತ್ತಿದ್ದರು. ನನ್ನ ಗಂಡ ಮೇಜಿನಡಿಯಲ್ಲಿ ನನ್ನ ಕಾಲು ತುಳಿದರು. ಜೆಬೆಲ್ ಅಲಿಯ ಆಫೀಸಿನಲ್ಲಿ ಹಗಲಿಡೀ ಲಾರಿಯವರ ಜಗಳ ಬಿಡಿಸಿ ಬರುವ ಮನುಷ್ಯ, ಊರವರ ನಡುವೆ ಮಾತ್ರ ಬಾಯಿ ಬಿಡುವುದಿಲ್ಲ. "ಖಲಾಸ್, ತೀರ್ಮಾನ ಆಯ್ತಲ್ಲ, ಬಿಡು" ಎಂದರು ಕಾರಿನಲ್ಲಿ.

ಮಗಳಿಗೆ ನಾನೇ ಹೇಳಬೇಕಾಯಿತು. "ಸೋ ಐ ಜಸ್ಟ್ ಸಿಟ್?" ಎಂದು ಕೇಳಿದಳು. ಹೌದು ಎಂದೆ. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಮರುದಿನ ಸಂಜೆ ನೋಡಿದರೆ ಮೊಣಕಾಲಿಗೆ ಪಟ್ಟಿ ಕಟ್ಟಿ ಬಾಗಿಲಲ್ಲಿ ನಿಂತಿದ್ದಾಳೆ. "ಯಲ್ಲಾ ಅಮ್ಮ, ಹೊರಡು, ಪಾರ್ಕ್."

ಆಟದ ದಿನ ಮಧ್ಯಾಹ್ನ ಶಾಲೆಯೊಂದರ ಸಭಾಂಗಣ ತುಂಬಿತ್ತು. ವೇದಿಕೆಯ ಮೂರು ಕಡೆಗೂ ಕೆಂಪು ಬಟ್ಟೆ ಸುತ್ತಿದ ಕೈಕುರ್ಚಿಗಳು. ಪರದೆ ಸರಿದಾಗ ರಾಜಕುಮಾರರು ಆಗಲೇ ಕುಳಿತಿದ್ದರು. ಅವರ ಸೊಂಟಕ್ಕೆ ಕಟ್ಟಿದ ದಪ್ಪ ಬಟ್ಟೆ ಕುರ್ಚಿಯ ಕೈಗಳ ನಡುವೆ ಬಿರಡೆಯ ಹಾಗೆ ಸಿಕ್ಕಿಕೊಂಡಿತ್ತು. ಅಧ್ಯಕ್ಷೆಯ ಮಗ ತನ್ನ ಮಾತಿಗೆ ಎದ್ದು ನಿಂತಾಗ ಕುರ್ಚಿಯೂ ಅವನ ಜೊತೆ ಎದ್ದಿತು. ಹಿಂದಿನಿಂದ ಯಾರೋ ಎಳೆದು ಬಿಡಿಸಿದರು. ಜನ ಚಪ್ಪಾಳೆ ತಟ್ಟಿದರು. ನಮ್ಮವರು ಯಾವುದಕ್ಕೂ ತಟ್ಟುತ್ತಾರೆ.

ನನ್ನ ಮಗಳಿಗೆ ಪುಂಡುವೇಷವನ್ನು ಉಳಿಸಿದ್ದರು. ಪ್ರವೇಶ, ಎರಡು ಹೆಜ್ಜೆ, ಬಂದು ತನ್ನ ಕುರ್ಚಿಯಲ್ಲಿ ಕೂರುವುದು, ಅಷ್ಟೇ. ಆದರೆ ಹಾಡುವ ಭಾಗವತರು ಹಿಂದಿನ ದಿನವಷ್ಟೇ ವಿಸಿಟ್ ವೀಸಾದಲ್ಲಿ ಊರಿನಿಂದ ಬಂದಿಳಿದವರು. ಸಮಿತಿಯ ತೀರ್ಮಾನವನ್ನು ಅವರಿಗೆ ತಿಳಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಗುಂಪಿಗೆ ಮೆಸೇಜ್ ಹಾಕಿದರೆ ಲೋಕಕ್ಕೇ ಹೇಳಿದಂತೆ ಎಂದು ನಂಬಿರುವ ಜನ. ಭಾಗವತರು ಪುಂಡುವೇಷ ಬಂದದ್ದನ್ನು ನೋಡಿದರು, ಕಾಲಿನ ಹದ ನೋಡಿದರು, ಮಂಡಿಗೆಂದು ಪದ್ಯವನ್ನು ಏರಿಸಿಯೇ ಬಿಟ್ಟರು. ಚೆಂಡೆಯವರು ಹಿಂದೆಯೇ ಹೋದರು.

ಮಗಳು ಒಂದು ಕ್ಷಣ ನಿಂತಳು. ಪರದೆಯ ಪಕ್ಕದಲ್ಲಿ ಕುರ್ಚಿಯಲ್ಲಿದ್ದ ಗುರುಗಳು ಬೇಡ ಬೇಡ ಎಂದು ಕೈಯಾಡಿಸಿದರು. ಅವಳು ಅದನ್ನು ಕಂಡಳು, ಖಂಡಿತ ಕಂಡಳು. ಆಮೇಲೆ ಮೊಣಕಾಲೂರಿದಳು.

ತಿರುಗಿದಳು. ಮೊದಲ ಸುತ್ತು ಸಲೀಸಾಗಿ ಹೋಯಿತು. ಆದರೆ ವೇದಿಕೆಯ ತುಂಬ ಸಿಂಹಾಸನ! ಅವಳು ಹತ್ತಿರ ಬಂದಂತೆ ಕುಳಿತ ರಾಜಕುಮಾರರು ಒಬ್ಬೊಬ್ಬರೇ ಕಾಲನ್ನು ಮೇಲೆತ್ತಿದರು, ಮನೆಯಲ್ಲಿ ನೆಲ ಒರೆಸಲು ಬಂದವಳಿಗೆ ದಾರಿ ಬಿಡುವ ಹಾಗೆ. ಎತ್ತುವುದು ಅವರಿಗೆ ಎಷ್ಟು ರೂಢಿಯೆಂದರೆ ಒಬ್ಬನೂ ಅವಳ ಕಡೆ ನೋಡಲಿಲ್ಲ. ಎರಡನೆಯ ಸುತ್ತಿನ ಕೊನೆಗೆ ಅವಳ ಭುಜ ಒಂದು ಕುರ್ಚಿಗೆ ತಾಗಿತು. ವಾಲಿದಳು. ಚೆಂಡೆ ಬಿಡಲಿಲ್ಲ, ಅವಳೂ ಬಿಡಲಿಲ್ಲ. ಇನ್ನೊಂದು ಸುತ್ತು, ಒರಟೊರಟಾಗಿ. ಮುಕ್ತಾಯದ ಪೆಟ್ಟಿಗೆ ಎದ್ದಳು.

ಎಷ್ಟೋ ಹೊತ್ತು ಚಪ್ಪಾಳೆ. ಅಧ್ಯಕ್ಷೆ ಮೈಕಿನಲ್ಲಿ ಎಲ್ಲ ಮಕ್ಕಳ ಶಿಸ್ತನ್ನು ಹೊಗಳಿ, ಎಲ್ಲರಿಗೂ ಒಂದೇ ಅಳತೆಯ ಟ್ರೋಫಿ ಕೊಟ್ಟರು. ಆಮೇಲೆ ನನ್ನ ಹತ್ತಿರ ಬಂದು ದನಿ ತಗ್ಗಿಸಿದರು. "ಬೇಡ ಅಂತ ಹೇಳಿದ್ದಲ್ವಾ? ಉಳಿದ ಮಕ್ಕಳಿಗೆ ಬೇಜಾರಾಗಿದೆ."

ನಾನು ತಿರುಗಿ ನೋಡಿದೆ. ಉಳಿದ ಮಕ್ಕಳು ಆ ಸಿಂಹಾಸನಗಳಲ್ಲೇ ಕುಳಿತು ಪಿಜ್ಜಾ ತಿನ್ನುತ್ತಿದ್ದವು. "ಹೌದು, ನೋಡಿ, ಅಳ್ತಾ ಉಂಟು" ಎಂದೆ.

ಕತ್ತಲಾದ ಮೇಲೆ ಮನೆಗೆ ಹೊರಟಾಗ ಕಾರಿನಲ್ಲಿ ನನ್ನ ಗಂಡನಿಗೆ ಉತ್ಸಾಹವೋ ಉತ್ಸಾಹ. "ಸೂಪರ್ ಆಯ್ತು ಮಗಾ! ಎಲ್ಲರೂ ಹೇಳಿದ್ರು, ಒಂದೂ ತಪ್ಪಿಲ್ಲ ಅಂತ."

ಮಗಳು ಹಿಂದಿನ ಸೀಟಿನಲ್ಲಿ ಉದ್ದಕ್ಕೆ ಕಾಲು ಚಾಚಿದ್ದಳು. ಬಲ ಮೊಣಕಾಲಿನ ಪಟ್ಟಿಯಿಂದ ರಕ್ತ ಇಳಿದು ಗೆಜ್ಜೆಯ ಗುರುತಿನ ಬಳಿ ಒಣಗಿತ್ತು. ಅಪ್ಪನ ಮಾತು ಮುಗಿದ ಮೇಲೆ ನನ್ನನ್ನು ಕೇಳಿದಳು. "ಅಮ್ಮ, ನೀನು ನೋಡಿದ್ಯಾ? ಏಳುವಾಗ ಕೈ ಊರಿದೆನಾ?"

ಅಷ್ಟು ಜನರಲ್ಲಿ ಬೇರೆ ಯಾರೂ ಅದನ್ನು ನೋಡಿರಲಿಲ್ಲ. ನೋಡಿದ್ದರೂ ಗೊತ್ತಾಗುವವರಲ್ಲ.

"ಊರಿದೆ" ಎಂದೆ. "ಎಡಗೈ."

"ಎಡಗೈಯಾ?" ಅವಳು ಎದ್ದು ಕುಳಿತಳು. "ನಾನು ಬಲಗೈ ಅಂದ್ಕೊಂಡಿದ್ದೆ." ಅಂಗೈಗಳೆರಡನ್ನೂ ಬೀದಿದೀಪದ ಬೆಳಕಿಗೆ ಹಿಡಿದು ನೋಡಿ, ಎಡಗೈಯ ಧೂಳನ್ನು ಪ್ಯಾಂಟಿಗೆ ಒರೆಸಿಕೊಂಡಳು. "ಓಕೆ. ಹಾಗಾದ್ರೆ ನಾಳೆ ಎಡಗೈಯನ್ನು ಬೆನ್ನಿಗೆ ಕಟ್ಟು."

"ಮೊದಲು ಆ ಗಾಯ ಒಣಗಲಿ" ಎಂದರು ನನ್ನ ಗಂಡ.

"ಪಪ್ಪ, ಪ್ಲೀಸ್" ಎಂದಳು ಅವಳು, ಸಮಿತಿಯವರೊಬ್ಬರಿಗೆ ಹೇಳುವ ದನಿಯಲ್ಲಿ.